ಬಾಗಿಲೊಳಗಿನ ಸದ್ದು

ಟಣ್ — ಮತ್ತೆ ಉರುಳಿತು, ಗಾಡಿಯ ಬಾಗಿಲು ತೆಗೆದಾಗ ಒಮ್ಮೆ, ಹಾಕಿದಾಗ ಒಮ್ಮೆ, ತಗಡಿನೊಳಗೆ ಏನೋ ಉರುಳಿ ಮೂಲೆಗೆ ಹೋಗಿ ನಿಲ್ಲುತ್ತದೆ, ನಟ್ಟಿರಬೇಕು, ಅಲ್ಲ, ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಮಾಡಿದ ಕಿವಿ ಇದು, ನಟ್ಟು ಕುಣಿಯುತ್ತದೆ, ಇದು ದುಂಡಗೆ, ಮೆಲ್ಲಗೆ, ದಾರಿ ಗೊತ್ತಿದ್ದ ಹಾಗೆ ಹೋಗುತ್ತದೆ — ಥೂ, ಹಾಳಾದ್ದು, ಐವತ್ತೆರಡನೇ ಇಸವಿಯ ಪಿಕಪ್ಪು, ತಮ್ಮ ಮಲ್ಲಪ್ಪ ಹರಾಜಿನಲ್ಲಿ ಹಿಡಿದು ಲಿಂಗಂಪಲ್ಲಿಯ ನಮ್ಮ ಹಿತ್ತಲಿಗೆ ಎಳೆದು ತಂದದ್ದು, ಅಣ್ಣಾ, ಹಿಂದಿನ ಡಬ್ಬಾ ನಾವ ಮಾಡೋಣು, ಒಂದ ತಗಡ ಸುದ್ದಾ ಹೊರಗಿಂದ ಮಾಡಿಸೂದು ಬ್ಯಾಡ ಅಂದಿದ್ದ, ಅವನು ಅರ್ಧ ಮಾಡಿದ, ಉಳಿದರ್ಧ ನಾನೊಬ್ಬನೇ ಮಾಡಿದೆ, ನಿನ್ನೆ ಕೆಂಪು ಬಣ್ಣವೂ ಆಯಿತು, ಸಂಜೆ ಇದನ್ನು ಕೊಂಡ ಶಂಶಾಬಾದಿನ ರೆಡ್ಡಿ ಬರುತ್ತಾನೆ, ಏರ್‌ಪೋರ್ಟ್ ಬಂದ ಮೇಲೆ ತೆಗೆದ ಹೋಟೆಲಿನ ಮುಂದೆ ಶೋಕಿಗೆ ನಿಲ್ಲಿಸುತ್ತಾನಂತೆ, ಒಯ್ಯಲಿ ಮಾರಾಯ, ಗಾಡಿಯ ಜೊತೆ ಈ ಸದ್ದೂ ತೊಲಗಲಿ.

ಮಲ್ಲಪ್ಪನಿಗೆ ನಾನೇ ಹೇಳಿದ್ದು, ಕೊರಳಾಗಿನ ಕರಡಿಗಿ ತಗದಿಡೋ, ಶಿವದಾರಕ್ಕ ಕಿಡಿ ಹತ್ತೀತು, ಇಷ್ಟಲಿಂಗವನ್ನು ಎಂದೂ ಮೈಯಿಂದ ಇಳಿಸದವನು ಅಣ್ಣನ ಮಾತೆಂದು ಇಳಿಸಿದ, ಬಾಗಿಲಿಗಿನ್ನೂ ಒಳತಗಡು ಇರಲಿಲ್ಲ, ಗಾಜು ಏರಿಸುವ ಹಿಡಿಕೆಗೆ ಲಿಂಗವಿದ್ದ ದುಂಡನೆಯ ಬೆಳ್ಳಿ ಕರಡಿಗೆ ತೂಗುಹಾಕಿ ವೆಲ್ಡಿಂಗಿಗೆ ಗಾಡಿಯ ಕೆಳಗೆ ಹೋದ, ಜ್ಯಾಕ್ ಜಾರಿತು — ಎಡಗೈ ಮಾತ್ರ ಹೊರಗೆ, ಅಂಗೈ ಮೇಲಾಗಿ, ಗೆರೆಗೆರೆಯಲ್ಲೂ ಗ್ರೀಸು. ಆ ಗದ್ದಲದಲ್ಲಿ ಕರಡಿಗೆ ಸಿಗಲಿಲ್ಲ, ಮಣ್ಣು ಮಾಡುವಾಗ ಅಂಗೈಯಲ್ಲಿಡಲೆಂದು ಅಯ್ಯನವರು ಕೇಳಿದರು, ಲಿಂಗ ಎಲ್ಲೈತ್ರಿ ಅಮರೇಶಪ್ಪ, ನನ್ನ ನಾಲಿಗೆಗೆ ಏನು ಹುಳ ಬಿದ್ದಿತ್ತೋ, ಅಂವ ಕಟ್ಟೂದು ಬಿಟ್ಟು ಭಾಳ ದಿನಾತ್ರಿ ಅಂದೆ, ಅವನ ಹೆಂಡತಿ ಗುಣವತಿ ತಲೆ ಎತ್ತಿ ನನ್ನನ್ನೇ ನೋಡಿದಳು. ಹೊಸ ಲಿಂಗವನ್ನು ಆ ಅಂಗೈಯಲ್ಲಿಟ್ಟರೆ ಉರುಳಿ ಬಿತ್ತು, ಇಟ್ಟರು, ಬಿತ್ತು, ಬೆರಳು ಮಡಚಲೇ ಇಲ್ಲ, ಕೊನೆಗೆ ಬಟ್ಟೆಯಿಂದ ಕಟ್ಟಿದರು, ಅಂದಿನಿಂದ ಅವಳು ಎಲ್ಲಿ ಹೋದರೂ ಪಿಸುಮಾತು, ಲಿಂಗ ಬಿಟ್ಟಾವನ ಹೇಣ್ತಿ, ನಾನು ಕೇಳಿಸಿಕೊಂಡು ಸುಮ್ಮನಿದ್ದೇನೆ, ನಾಚಿಕೆಗೆಟ್ಟವನು. ಪೊಳ್ಳು ಮುಚ್ಚುವ ಮೊದಲು ಒಳಗೆ ಕೈ ಹಾಕಿ ತಡಕಬೇಕು, ಫ್ಯಾಕ್ಟರಿಯಲ್ಲಿ ಎಷ್ಟು ಜನರಿಗೆ ಕಲಿಸಿದೆ, ಈ ಬಾಗಿಲಿಗೆ ಮಾತ್ರ ಕೈ ಹಾಕದೆ ತಗಡಿಟ್ಟು ವೆಲ್ಡ್ ಮಾಡಿದೆ, ಹೆದರಿಕೆ, ಕರಡಿಗೆ ಸಿಕ್ಕಿಬಿಟ್ಟರೆ ಎಂಬ ಹೆದರಿಕೆ.

ಟಣ್ — ನಾನೀಗ ಬಾಗಿಲು ಮುಟ್ಟಿಲ್ಲವಲ್ಲ, ಗಾಳಿಯಿಲ್ಲ, ರೈಲೂ ಇಲ್ಲ, ನಡು ಮಧ್ಯಾಹ್ನ, ಟಣ್, ಅಯ್ಯೋ ಶಿವನೇ, ಬೆನ್ನ ಹಿಂದೆ ಯಾರು, ಗುಣವತಿ, ನಿಮಗೂ ಕೇಳಾಕತ್ತೈತೇನ್ರಿ ಭಾವಾರ, ವರ್ಷಾತು, ನಾ ದಿನಾ ಕೇಳತೀನಿ, ಅವರು ಲಿಂಗ ಬಿಟ್ಟಿರಲಿಲ್ರಿ, ಅವತ್ತು ಮುಂಜಾನಿನೂ ಪೂಜಿ ಮಾಡ್ಕೊಂಡಾರ, ಗೊತ್ತವ್ವ ತಂಗಿ, ನಾನ ತಗಸಿದೆ, ನಾನ ಸುಳ್ಳ ಹೇಳಿದೆ — ಅಂದೆನೇ, ಬಾಯಿಬಿಟ್ಟು ಅಂದೆನೇ, ಅಂದಿರಬೇಕು, ಅವಳು ಅಳಲಿಲ್ಲ, ತಗಡು ಕೊಯ್ಯುವ ಗ್ರೈಂಡರ್ ತೆಗೆದು ನನ್ನ ಕೈಗಿಟ್ಟಳು, ಕೊಯ್ರಿ, ನಾ ಹಿಡೀತೀನಿ, ಕೊಯ್ಯುತ್ತಿದ್ದೇನೆ, ಕೆಂಪು ಬಣ್ಣ ಸುಟ್ಟು ನಾರುತ್ತಿದೆ, ಒಳಗಿನದು ಉರುಳಿ ಉರುಳಿ ಸೀಳಿನ ಹತ್ತಿರವೇ ಬಂದು ನಿಂತಿದೆ, ಅವಳು ಕೆಳಗೆ ಕೂತು ಕೈ ಚಾಚಿದ್ದಾಳೆ, ಈಗಷ್ಟೇ ಪಾತ್ರೆ ತೊಳೆದು ಬಂದ ಹಸಿ ಕೈ, ಗಾಡಿಯನ್ನು ಒಮ್ಮೆಯೂ ಮುಟ್ಟದ ಕೈ, ಎಡಗೈ, ಅಂಗೈ ಮೇಲಾಗಿ, ಗೆರೆಗೆರೆಯಲ್ಲೂ ಗ್ರೀಸು.