ಲೊನೆಸಿ ಸಹಿ ಹಾಕದ ಕಾಗದ

ಊರಿಗೆ ಯಾರಾದರೂ ಕಾಗದ ಹಿಡಿದು ಬಂದರೆ ನಾವು ಮಾಡುವುದೇನು? ಪೆನ್ನು ಕೊಟ್ಟರೆ ಸಹಿ, ಶಾಯಿ ಕೊಟ್ಟರೆ ಹೆಬ್ಬೆಟ್ಟು. ಮಲಾವಿ ದೇಶದ ಜೋಂಬಾ ಬೆಟ್ಟದ ಕೆಳಗಿನ ಆ ಊರಲ್ಲೂ ಹಾಗೆಯೇ ನಡೆದು ಬಂದಿತ್ತು.

ಅಲ್ಲಿನ ಚರ್ಚಿನ ಮಹಿಳಾ ಸಂಘಕ್ಕೆ ಲೊನೆಸಿ ಮುಖ್ಯಸ್ಥೆ. ಅವಳು ಸಹಿ ಹಾಕಿದರೆ ಉಳಿದ ಅರವತ್ತು ಹೆಂಗಸರೂ ಹಾಕುತ್ತಾರೆ. ಒಂದು ಭಾನುವಾರ ಸಮುದ್ರದಾಚೆಯ ಧಾರ್ಮಿಕ ಸಂಸ್ಥೆಯೊಂದರ ಜನ ಬಂದು ಹಾಡಿದರು, ಹುಟ್ಟದ ಕೂಸುಗಳಿಗಾಗಿ ಪ್ರಾರ್ಥಿಸಿ ಕಣ್ಣೀರು ಹಾಕಿದರು. ಲೊನೆಸಿಯೂ ಅತ್ತಳು. ಹೋಗುವಾಗ ಅವರು ಇಂಗ್ಲಿಷಿನಲ್ಲಿದ್ದ ಎರಡು ಹಾಳೆಯ ಮನವಿ ಕೊಟ್ಟರು. ಗರ್ಭಪಾತದ ಕಾನೂನು ಬಿಗಿ ಮಾಡಿ ಎಂದು ಸಂಸತ್ತನ್ನು ಕೇಳುವ ಮನವಿ. ವಾರದೊಳಗೆ ಎಲ್ಲರ ಸಹಿ ಬೇಕಂತೆ.

ಮಂಗಳವಾರ ಲೊನೆಸಿ ಅಂಗಳದಲ್ಲಿ ಸಣ್ಣ ಮೀನು ಒಣಹಾಕುತ್ತಿದ್ದಾಗ ಎನೆಲೆಸ್ ಬಂದಳು. ಅವಳು ಆರೋಗ್ಯ ಕೇಂದ್ರದ ನರ್ಸ್, ಹೆರಿಗೆ ಮಾಡಿಸುವವಳು. ಅದೇ ಚರ್ಚಿನಲ್ಲಿ ಹಾಡುವವಳು ಕೂಡ.

“ನೀನೂ ಒಂದು ಸಹಿ ಹಾಕಿ ಹೋಗೇ,” ಎಂದಳು ಲೊನೆಸಿ.

“ಓದ್ದೆ ಹಾಕಲ್ಲಕ್ಕ. ನೀವು ಓದಿಸಿ ಕೇಳಿದ್ರಾ?”

“ದೇವರ ಕೆಲಸಕ್ಕೆ ಓದಿಸೋದೇನು? ಆಸ್ಪತ್ರೆ ಸೇರಿದ ಮೇಲೆ ನಿಂಗೆ ಎಲ್ಲದರ ಮೇಲೂ ಅನುಮಾನ.”

“ನೀವು ಬೈತಾ ಇರಿ, ನಾನು ಓದ್ತಾ ಇರ್ತೀನಿ,” ಎಂದು ನಗುತ್ತಾ ಎನೆಲೆಸ್ ಜಗಲಿಯ ಮೇಲೆ ಕೂತಳು.

ಒಂದೊಂದೇ ಸಾಲನ್ನು ಊರ ಮಾತಿನಲ್ಲಿ ಹೇಳುತ್ತಾ ಹೋದಳು. ಮೊದಲ ಹಾಳೆಗೆ ಲೊನೆಸಿ ತಲೆದೂಗಿದಳು. ಎರಡನೆಯದರಲ್ಲಿ ಎನೆಲೆಸ್ ಓದು ನಿಲ್ಲಿಸಿದಳು.

“ಇಲ್ಲಿ ‘ಜಾಂಬಿಯಾದ ಜನರಾದ ನಾವು’ ಅಂತ ಇದೆ.”

“ಅದು ಪಕ್ಕದ ದೇಶ ಅಲ್ವೇನೇ? ನಾವ್ಯಾವಾಗ ಜಾಂಬಿಯಾದವರಾದ್ವಿ?”

“ಒಂದೇ ಕಾಗದ ಸುಮಾರು ದೇಶ ಸುತ್ತಿರಬೇಕಕ್ಕ. ಎಲ್ಲೋ ಬರೆದಿದ್ದಾರೆ, ಇಲ್ಲಿಗೆ ಬಂದಾಗ ಹೆಸರು ಬದಲಾಯಿಸೋದು ಮರೆತಿದ್ದಾರೆ. ಅದು ಹೋಗ್ಲಿ, ಮುಂದಿನದು ಕೇಳಿ. ‘ತಾಯಿಯ ಜೀವ ಉಳಿಸುವುದಕ್ಕೂ ಸೇರಿ, ಯಾವ ಕಾರಣಕ್ಕೂ ಗರ್ಭ ತೆಗೆಯಕೂಡದು.’”

ಲೊನೆಸಿಯ ಕೈ ಮೀನಿನ ಮೇಲೆಯೇ ನಿಂತಿತು. “ಜೀವ ಉಳಿಸೋದಕ್ಕೂ?”

“ನಮ್ಮ ಕಾನೂನು ಅದೊಂದಕ್ಕೆ ಒಪ್ಪತ್ತೆ. ಅದನ್ನೂ ತೆಗೀರಿ ಅಂತ ಇದು ಕೇಳ್ತಿದೆ. ನಿಮ್ಮ ತಿಯಮಿಕೆಗೆ ಏನಾಗಿತ್ತು, ನೆನಪಿದೆಯಲ್ಲ?”

ತಿಯಮಿಕೆ ಲೊನೆಸಿಯ ಮಗಳು. ಹಿಂದಿನ ವರ್ಷ ಎರಡು ತಿಂಗಳ ಬಸುರಿಯಾಗಿದ್ದಾಗ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಳು. ಗರ್ಭ ಗರ್ಭಕೋಶದಲ್ಲಿ ನಿಲ್ಲದೆ ಪಕ್ಕದ ನಾಳದಲ್ಲಿ ನಿಂತಿತ್ತು. ಅಂಥ ಕೂಸು ಬೆಳೆದು ಹುಟ್ಟುವುದಿಲ್ಲ. ನಾಳ ಒಡೆದರೆ ತಾಯಿಯ ಜೀವಕ್ಕೂ ಸಂಚಕಾರ. ಎನೆಲೆಸ್ ಆಂಬುಲೆನ್ಸ್ ಕರೆಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದಳು. ಅಂದೇ ಆಪರೇಷನ್ ಆಯಿತು, ಮಗಳು ಉಳಿದಳು.

“ಅದು ಗರ್ಭಪಾತ ಅಲ್ಲ,” ಲೊನೆಸಿಯ ದನಿ ಗಡುಸಾಯಿತು.

“ನಿಮಗೂ ಅಲ್ಲ, ನಂಗೂ ಅಲ್ಲ. ಆದ್ರೆ ಈ ಕಾಗದದಲ್ಲಿ ಆ ಭೇದ ಎಲ್ಲೂ ಬರೆದಿಲ್ಲ. ಕಾನೂನು ಹಿಂಗಾದ್ರೆ ಡಾಕ್ಟ್ರಿಗೂ ಜೈಲಿನ ಭಯ. ಮುಟ್ಟೋ ಮುಂಚೆ ವಕೀಲರನ್ನ ಕೇಳ್ತಾರೆ. ಅಷ್ಟು ಹೊತ್ತು ನಿಮ್ಮ ಮಗಳು ತಡೀತಿದ್ಲಾ?”

ಹಿತ್ತಿಲಿನಲ್ಲಿ ತಿಯಮಿಕೆ ಜೋಳ ಕುಟ್ಟುತ್ತಿದ್ದಳು. ಆ ಸದ್ದು ಕೇಳಿ ಲೊನೆಸಿ ಮೀನು ಬಿಟ್ಟು ಜಗಲಿಗೆ ಬಂದಳು. ಎನೆಲೆಸ್‌ಳ ಕೈ ಹಿಡಿದುಕೊಂಡಳು.

“ಅವತ್ತಿಂದ ದೇವರಿಗೆ ಮಾತ್ರ ಹೇಳಿ ಸುಮ್ಮನಾಗಿದ್ದೆ. ನಿಂಗೆ ಒಂದು ಮಾತು ಹೇಳಿರಲಿಲ್ಲ. ನನ್ನ ಮಗಳನ್ನ ಉಳಿಸಿಕೊಟ್ಟವಳು ನೀನು ಕಣೇ. ನಿನ್ನ ಹೊಟ್ಟೆ ತಣ್ಣಗಿರಲಿ.”

“ಕೈಯೆಲ್ಲ ಮೀನು ವಾಸನೆ ಮಾಡಿದ್ರಲ್ಲಕ್ಕ,” ಎಂದಳು ಎನೆಲೆಸ್. ಅವಳ ಕಣ್ಣೂ ಒದ್ದೆಯಾಗಿತ್ತು.

ಮರುದಿನ ಲೊನೆಸಿ ಸಂಘದಲ್ಲಿ ಮನವಿಯನ್ನು ಪೂರ್ತಿ ಓದಿಸಿದಳು. “ಕೂಸುಗಳ ಮೇಲೆ ನನ್ನ ಪ್ರೀತಿ ಕಮ್ಮಿಯಾಗಿಲ್ಲ. ಆದ್ರೆ ತಾಯಂದಿರನ್ನ ಕೈಬಿಡೋ ಕಾಗದಕ್ಕೆ ನನ್ನ ಹೆಸರು ಕೊಡಲ್ಲ. ಹಾಕೋರು ಹಾಕಿ, ನಿಮ್ಮ ಕೈ ನಿಮ್ಮದು.” ನಾಲ್ವರು ಹಾಕಿದರು, ಯಾರೂ ಅವರನ್ನು ಆಡಿಕೊಳ್ಳಲಿಲ್ಲ. ಉಳಿದವರು ತಮ್ಮದೇ ಮಾತಿನಲ್ಲಿ ಸಂಸದರಿಗೆ ಪತ್ರ ಬರೆದರು: ತಾಯಿಯ ಜೀವ ಉಳಿಸುವ ಸಾಲು ಕಾನೂನಿನಲ್ಲಿ ಇರಲಿ, ಆಂಬುಲೆನ್ಸಿಗೆ ಡೀಸೆಲ್ ತಪ್ಪದಿರಲಿ. ಆ ಪತ್ರಕ್ಕೆ ಮೊದಲ ಸಹಿ ತಿಯಮಿಕೆಯದು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಂಬಿಕೆ ನಿಮ್ಮದು, ಸಹಿಯೂ ನಿಮ್ಮದೇ. ಕಾನೂನು ಬದಲಿಸಿ ಎನ್ನುವ ಕಾಗದ ಬಂದರೆ, ಯಾರು ಬರೆದರು, ಯಾರಿಗೇನಾಗುತ್ತದೆ ಎಂದು ನಿಮ್ಮ ಮಾತಿನಲ್ಲಿ ಓದಿಸಿ ಕೇಳಿ. ಮುಟ್ಟು ತಪ್ಪಿದವಳಿಗೆ ಹೊಟ್ಟೆನೋವೋ ರಕ್ತಸ್ರಾವವೋ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ಮನೆಯವರನ್ನು ಉಳಿಸಿದ ನರ್ಸಮ್ಮ ಇದ್ದರೆ, ಇವತ್ತೇ ಹೋಗಿ ಒಂದು ಒಳ್ಳೆಯ ಮಾತು ಹೇಳಿ ಬನ್ನಿ.