ಗೆರೆಗೆ ಮುಟ್ಟ

“ತಾಗಿದೆಯೋ, ಇಲ್ಲವೋ?”

ವರ್ಧಮಾನ ಕೇಳಿದ್ದು ಜೋರಾಗಿಯೇ. ಯಾರನ್ನೂ ಅಲ್ಲ. ಬಾಗಿದ ಬೆನ್ನು ಬಾಗಿದ ಹಾಗೆಯೇ ಇತ್ತು. ಕೈಯಲ್ಲಿ ಭೂತಗನ್ನಡಿ. ಅದರಡಿಯಲ್ಲಿ, ಕಾಗದದ ಗುರಿಯ ಮೇಲೆ, ಹಳದಿಗೂ ಕೆಂಪಿಗೂ ನಡುವೆ ಕೂದಲೆಳೆಯಷ್ಟು ಗೆರೆ. ಗೆರೆಯ ಹೊರಮಗ್ಗುಲಲ್ಲಿ ನೆಟ್ಟ ಒಂದು ಬಾಣ. ತಾಗಿದ್ದರೆ ಒಂಬತ್ತು, ಇಲ್ಲದಿದ್ದರೆ ಎಂಟು.

ಪಕ್ಕದಲ್ಲಿದ್ದ ಹುಡುಗಿ ಉತ್ತರ ಕೊಡಲಿಲ್ಲ. ಕೊಡಬಾರದು. ತೀರ್ಪುಗಾರ ನೋಡುವಾಗ ಬಿಲ್ಗಾರರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಸುಮ್ಮನಿರಬೇಕು. ಅವಳು ಹಾಗೆಯೇ ನಿಂತಿದ್ದಳು. ಬಿಳಿ ಅಂಗಿ, ಎದೆಯ ಮೇಲೆ ಹನ್ನೊಂದು ಎಂಬ ಅಂಕಿ. ಹೆಸರಿಲ್ಲ, ಕಾಲೇಜಿಲ್ಲ, ಊರಿಲ್ಲ.

ಅವಳ ಎಪ್ಪತ್ತೆರಡು ಬಾಣಗಳಲ್ಲಿ ಅದು ಕೊನೆಯದು.

“ಫೋಟೋ ತೆಗ್ದಾಯ್ತು ಸರ್,” ಅಂದಳು ಸಬೀಹಾ. ಬಂಟ್ವಾಳದ ಶಾಲೆಯೊಂದರ ವ್ಯಾಯಾಮ ಶಿಕ್ಷಕಿ. ಇವತ್ತು ಅಂಕ ಬರೆಯುವ ಕೆಲಸ ಅವಳದು. “ಎಷ್ಟು ಬರೆಯುವ?”

“ಎಂಟು.”

ಮಾತು ಬಾಯಿಂದ ಹೊರಟ ಮೇಲೆ, ಇಷ್ಟು ಬೇಗ ಹೇಳಬಾರದಿತ್ತು ಅನಿಸಿತು. ಹುಡುಗಿ ಬಾಣ ಕಿತ್ತಳು. ಕಾಗದದಲ್ಲಿ ತೂತು ಉಳಿಯಿತು. ಬಾಣ ಕಿತ್ತ ಮೇಲೆ ತೂತಿಗೆ ಬೆಲೆ ಇಲ್ಲ.

ಮೂಡುಬಿದಿರೆಯ ಆ ಮೈದಾನದಲ್ಲಿ ಅವತ್ತು ಬೆಳಿಗ್ಗೆಯಿಂದ ಜಿಲ್ಲಾ ತಂಡದ ಆಯ್ಕೆ ನಡೆದಿತ್ತು. ಹುಡುಗಿಯರ ತಂಡಕ್ಕೆ ಮೂವರು. ಬಂದವರು ಹದಿನಾಲ್ಕು ಮಂದಿ. ಆಯ್ಕೆ ಸಮಿತಿಯ ಸಂಚಾಲಕ ವರ್ಧಮಾನ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು, ವಯಸ್ಸು ಐವತ್ತು. ಎರಡು ವರ್ಷ ಕೂತು ಅವನೇ ಒಂದು ನಿಯಮಾವಳಿ ಬರೆದಿದ್ದ. ಎಲ್ಲರಿಗೂ ಒಂದೇ ಬಿಳಿ ಅಂಗಿ. ಹೆಸರಿನ ಪಟ್ಟಿ ಲಕೋಟೆಯಲ್ಲಿ, ಕೊನೆಯ ಬಾಣದವರೆಗೆ ಮುಚ್ಚಿದ್ದು. ಮೊದಲೆಲ್ಲ ಒಂದೇ ಗುರಿಗೆ ಬಿಡುವವರು ಒಬ್ಬರ ಅಂಕ ಇನ್ನೊಬ್ಬರು ಹೇಳುತ್ತಿದ್ದರು. ಅದನ್ನು ಅವನು ತೆಗೆದುಹಾಕಿದ್ದ. ಸಂಶಯದ ಬಾಣಕ್ಕೆ ಫೋಟೋ. ಅಸಮಾಧಾನವಿದ್ದರೆ ಒಂದು ಗಂಟೆಯೊಳಗೆ ಹೆತ್ತವರ ಸಹಿಯ ದೂರು. ಆಗ ಹೊರಜಿಲ್ಲೆಯ ಮೂವರು ಫೋಟೋ ನೋಡಿ ಹೇಳಿದ್ದೇ ಅಂತಿಮ. ಸಂಚಾಲಕನ ವಿವೇಚನೆ ಎಂಬ ಮಾತು ಹಳೆಯ ನಿಯಮದಲ್ಲಿ ಆರು ಕಡೆ ಇತ್ತು. ಆರೂ ಕಡೆ ಹೊಡೆದುಹಾಕಿದ್ದ.

“ಎಂತ ಸರ್,” ಎಂದು ಬೆಳಿಗ್ಗೆಯೇ ಹಾಸ್ಯ ಮಾಡಿದ್ದ ಸಂಘದ ಕಾರ್ಯದರ್ಶಿ ಜಯೇಶ್. “ದೂರದಿಂದ ನೋಡಿದ್ರೆ ಮಕ್ಕಳೆಲ್ಲ ಬಸದಿಯಲ್ಲಿ ದೀಕ್ಷೆ ತಗೊಂಡ ಹಾಗೆ ಕಾಣ್ತಾರೆ. ಬಿಲ್ಲು ಯಾಕೆ, ಒಂದೊಂದು ನವಿಲುಗರಿ ಕೊಟ್ಟುಬಿಡುವ.”

ವರ್ಧಮಾನ ನಕ್ಕಿರಲಿಲ್ಲ.

ಹನ್ನೊಂದನೆಯವಳನ್ನು ಅವನು ಹಿಂದೆಂದೂ ಕಂಡಿದ್ದಿಲ್ಲ. ಆದರೆ ಬೆಳಿಗ್ಗೆ ಎರಡನೇ ಸುತ್ತಿನಲ್ಲೇ ಅವನ ಕಿವಿ ನೆಟ್ಟಗಾಗಿತ್ತು. ಈಗಿನ ಬಿಲ್ಲಿನಲ್ಲಿ ಕ್ಲಿಕ್ಕರ್ ಅಂತ ಒಂದು ತಗಡಿನ ಪಟ್ಟಿ ಇರುತ್ತದೆ; ಬಾಣವನ್ನು ಪೂರ್ತಿ ಎಳೆದ ಕೂಡಲೇ ಅದು ಟಿಕ್ ಅನ್ನುತ್ತದೆ, ಬಿಲ್ಗಾರ ಬಿಡುತ್ತಾನೆ. ಟಿಕ್, ಬಾಣ. ಟಿಕ್, ಬಾಣ. ಹದಿಮೂರು ಮಂದಿಯದ್ದೂ ಹಾಗೆ. ಇವಳದ್ದು ಮಾತ್ರ ಟಿಕ್, ಮತ್ತೆ ಒಂದು ಅರೆಗಳಿಗೆಯ ಮೌನ, ಮತ್ತೆ ಬಾಣ.

ಆ ಮೌನ ಅವನಿಗೆ ಗೊತ್ತಿತ್ತು.

ಅವನು ಹುಡುಗನಾಗಿದ್ದಾಗ ಸಿದ್ಧಕಟ್ಟೆಯ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ದೀಪ ಹಚ್ಚಿದ ಮೇಲೆ ತುತ್ತಿಲ್ಲ. ಊಟ ಮುಗಿದ ಮೇಲೂ ಸ್ವಲ್ಪ ಬೆಳಕು ಉಳಿಯುತ್ತಿತ್ತು. ಆ ಉಳಿದ ಬೆಳಕು ಅನಂತಮತಿ ಅಜ್ಜಿಯದ್ದು. ಜಗಲಿಯ ಕಂಬಕ್ಕೆ ಒರಗಿ ಅಜ್ಜಿ ಪದ್ಯ ಓದುತ್ತಿದ್ದರು. ಓದುವುದೆಂದರೆ ಹಾಡುವುದೂ ಅಲ್ಲ, ಹೇಳುವುದೂ ಅಲ್ಲ. ಅಂಗಳದ ತುದಿಯಲ್ಲಿ ಗೋಣಿಚೀಲ. ಅದರ ಮೇಲೆ ಸುಣ್ಣದ ಒಂದು ವರ್ತುಲ, ಒಳಗೆ ಅರಸಿನದ ಇನ್ನೊಂದು. ಇತ್ತ ಬಿದಿರಿನ ಬಿಲ್ಲು ಹಿಡಿದ ಇಬ್ಬರು: ಅವನು, ವೆಂಕಪ್ಪ. ವೆಂಕಪ್ಪನ ಅಪ್ಪ ಇವರ ಗದ್ದೆ ಮಾಡುತ್ತಿದ್ದವರು. ಬಿಲ್ಲು ಎರಡನ್ನೂ ಕೆತ್ತಿದವನು ವೆಂಕಪ್ಪ.

ಪದ್ಯದ ಅರ್ಥ ವರ್ಧಮಾನನಿಗೆ ತಿಳಿಯುತ್ತಿತ್ತು. ಅಜ್ಜಿ ಬಿಡಿಸಿ ಹೇಳುತ್ತಿದ್ದರು. ವೆಂಕಪ್ಪನಿಗೆ ಅರ್ಥದ ಗೊಡವೆಯೇ ಇರಲಿಲ್ಲ.

“ಅಜ್ಜಿ ಸಾಲು ಮುಗಿಸಿ ಉಸಿರು ತೆಗೀತಾರಲ್ಲ,” ಎಂದಿದ್ದ ಒಂದು ಸಂಜೆ, ತುಳುವಿನಲ್ಲಿ. “ಆಗ ಎಲ್ಲ ನಿಲ್ಲುತ್ತದೆ ಮಾರಾಯ. ಕೋಳಿ ಕೂಡ. ಆಗ ಬಿಡಬೇಕು.”

ಅವನು ಬಿಟ್ಟದ್ದು ಅರಸಿನಕ್ಕೇ ಹೋಗುತ್ತಿತ್ತು. ವರ್ಧಮಾನ ಎಷ್ಟು ಕಾದರೂ ಆ ಉಸಿರು ಅವನ ಕೈಗೆ ಬರಲಿಲ್ಲ. ಅರ್ಥ ಅಡ್ಡ ಬರುತ್ತಿತ್ತು.

ಈಗಲೂ ಕಾಲೇಜಿಗೆ ಹೋಗುವ ದಾರಿಯಲ್ಲಿ ಅವನು ಮೊಬೈಲಿನಲ್ಲಿ ಕಾವ್ಯವಾಚನ ಕೇಳುತ್ತಾನೆ. ಒಳ್ಳೆಯ ಕಂಠಗಳು, ಸ್ವಚ್ಛವಾದ ಧ್ವನಿಮುದ್ರಣ. ಉಸಿರನ್ನೆಲ್ಲ ಕತ್ತರಿಸಿ ತೆಗೆದಿರುತ್ತಾರೆ.

ಮೂವತ್ತಮೂರು ವರ್ಷದ ಹಿಂದೆ ಬಂಟ್ವಾಳದ ಮೈದಾನದಲ್ಲಿ ಇದೇ ರೀತಿಯ ಆಯ್ಕೆ. ಮೂರು ಜನರ ತಂಡ. ಮೊದಲಿನ ಎರಡು ಸ್ಥಾನ ಯಾರದೋ ಆಗಿತ್ತು, ಮೂರನೆಯದಕ್ಕೆ ಇವರಿಬ್ಬರು. ಒಂದೇ ಗುರಿ. ವರ್ಧಮಾನನ ಅಂಕ ವೆಂಕಪ್ಪ ಹೇಳಬೇಕು, ವೆಂಕಪ್ಪನದ್ದು ವರ್ಧಮಾನ. ಬರೆದುಕೊಳ್ಳುವ ಅಧಿಕಾರಿ ಘಟ್ಟದ ಮೇಲಿನವರು. ಬಿಸಿಲಿಗೆ ತಲೆಯ ಮೇಲೆ ಕರವಸ್ತ್ರ ಹಾಕಿ ಕುರ್ಚಿಯಿಂದ ಏಳದೆ ಕೂತಿದ್ದರು.

ವರ್ಧಮಾನನ ಕೊನೆಯ ಬಾಣ ಗೆರೆಯ ಹತ್ತಿರ ಬಿದ್ದಿತ್ತು.

“ಗೆರೆ ಏನಾಯ್ತಪ್ಪ?” ಎಂದು ಕುರ್ಚಿಯಿಂದಲೇ ಕೇಳಿದರು ಅಧಿಕಾರಿ.

ವೆಂಕಪ್ಪ ಬಾಗಿ ನೋಡಿ ಹೇಳಿದ: “ಮುಟ್ಟ ಉಂಡು.”

ತುಳುವಿನಲ್ಲಿ ಮುಟ್ಟ ಎಂದರೆ ಹತ್ತಿರ. ಹತ್ತಿರ ಇದೆ ಎಂದಿದ್ದ. ಅಂದರೆ ತಾಗಿಲ್ಲ. ಅಧಿಕಾರಿಯ ಕನ್ನಡದ ಕಿವಿಗೆ ಅದು ಮುಟ್ಟಿದೆ ಎಂದೇ ಕೇಳಿಸಿತು. ಅವರು ಒಂಬತ್ತು ಬರೆದರು. ಎರಡೂ ಭಾಷೆ ಚೆನ್ನಾಗಿ ಗೊತ್ತಿದ್ದವನು ಅಲ್ಲಿ ವರ್ಧಮಾನ. ಅವನು ತನ್ನ ಚಪ್ಪಲಿ ನೋಡಿಕೊಂಡ.

ಒಂದು ಅಂಕದ ಅಂತರದಲ್ಲಿ ಅವನು ರಾಜ್ಯಮಟ್ಟದ ಪಂದ್ಯಕ್ಕೆ ಹೋದ. ಹೋದದ್ದಕ್ಕೆ ಪ್ರಮಾಣಪತ್ರ, ಪ್ರಮಾಣಪತ್ರಕ್ಕೆ ಕ್ರೀಡಾ ಮೀಸಲಿನ ಸೀಟು, ಸೀಟಿಗೆ ಸಂಖ್ಯಾಶಾಸ್ತ್ರ. ವೆಂಕಪ್ಪ ಬೆಳ್ತಂಗಡಿಯ ಮೇಲಿನ ಗುಡ್ಡದ ಕಡೆ ಹೆಂಡತಿಯ ಊರಿಗೆ ಹೋಗಿ ರಬ್ಬರ್ ಹಾಕಿದನೆಂದು ಯಾರೋ ಹೇಳಿದ್ದರು. ಮಾಣಿ ಪೇಟೆಯಲ್ಲಿ ಒಮ್ಮೆ, ಬಸ್ಸು ನಿಂತಿದ್ದಾಗ, ಅವನನ್ನು ಕಂಡ ಹಾಗಾಗಿತ್ತು. ವರ್ಧಮಾನ ಪತ್ರಿಕೆ ಎತ್ತಿ ಹಿಡಿದಿದ್ದ.

ಹಾಗಾಗಿ ಇವತ್ತು ಭೂತಗನ್ನಡಿ ಹಿಡಿದು ಬಾಗಿದಾಗ ಅವನು ನೋಡಿದ್ದು ಗೆರೆಯನ್ನೋ, ತನ್ನನ್ನೋ? ಹನ್ನೊಂದು ಯಾರ ಮಗಳೆಂದು ಅವನಿಗೆ ಬೆಳಿಗ್ಗೆಯಿಂದಲೇ ಗೊತ್ತಿತ್ತು. ಗೊತ್ತಿದ್ದರೂ ಗೊತ್ತಿಲ್ಲದವನಂತೆ ಇರುವುದೇ ನಿಯಮ. ಆ ಕಡೆ ವಾಲಿಯೇನು ಎಂಬ ಹೆದರಿಕೆಯಲ್ಲಿ ಈ ಕಡೆ ಜಿಗಿದಿದ್ದನೇ? ಗೆರೆಯ ಅಂಚಿನಲ್ಲಿ ಹಳದಿ ಒಂದು ಚೂರು ಸುಕ್ಕುಗಟ್ಟಿತ್ತು. ಸುಕ್ಕು ಕಂಡ ನೆನಪು ಅವನಿಗಿತ್ತು. ಸುಕ್ಕು ಕಾಣುವ ಮೊದಲೇ ಎಂಟು ಎಂದಿದ್ದನೋ, ಕಂಡ ಮೇಲೋ?

ನಾಲ್ಕು ಗಂಟೆಗೆ ಲಕೋಟೆ ಒಡೆದರು. ಸಬೀಹಾ ಹೆಸರು ಓದಿದಳು. ಮೂರನೆಯವಳು ತ್ರಿಶಾ, ಐನೂರ ತೊಂಬತ್ತೆಂಟು. ನಾಲ್ಕನೆಯವಳು ದೀಕ್ಷಿತಾ, ತಂದೆ ವೆಂಕಪ್ಪ, ಐನೂರ ತೊಂಬತ್ತೇಳು. ಒಂಬತ್ತಾಗಿದ್ದರೆ ಸಮ. ಸಮವಾದರೆ ಯಾರಿಗೆ ಹತ್ತು ಹೆಚ್ಚು ಬಿದ್ದಿದೆಯೋ ಅವರು. ಹತ್ತುಗಳು ದೀಕ್ಷಿತಾಳವೇ ಹೆಚ್ಚು.

ಜಯೇಶ್ ಬಂದು ಅವನ ಕೈ ಹಿಡಿದು ಕುಲುಕಿದ.

“ಸತ್ಯ ಹೇಳ್ತೇನೆ ಸರ್, ನಿಮ್ಮ ಈ ಪದ್ಧತಿ ಮೊದಲು ನನಗೆ ಹಿಡಿಸ್ಲಿಲ್ಲ. ಈಗ ನೋಡಿ, ತ್ರಿಶಾ ನಮ್ಮ ಅಣ್ಣನ ಮಗಳು. ಕಳೆದ ವರ್ಷ ಆಗಿದ್ರೆ ಜನ ನನ್ನನ್ನು ಹುರಿದು ತಿನ್ನುತ್ತಿದ್ರು. ಈ ಸಲ ಯಾರೂ ಬಾಯಿ ಬಿಡುವ ಹಾಗಿಲ್ಲ.”

“ಹೌದು,” ಅಂದ ವರ್ಧಮಾನ.

“ನ್ಯಾಯ ಅಂದ್ರೆ ಹೀಗಿರಬೇಕು.”

“ಹೌದು.”

“ನಿಮ್ಮ ಮುಖ ಯಾಕೆ ಹಾಗುಂಟು? ಊಟ ಮಾಡಿದ್ದೀರಾ?”

ಶಾಮಿಯಾನದೊಳಗೆ ಸಬೀಹಾಳ ಮೊಬೈಲಿನಲ್ಲಿ ಅವನು ಆ ಫೋಟೋ ಕೇಳಿ ನೋಡಿದ. ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಒಂದು ಹಂತದ ಆಚೆ ಅಲ್ಲಿ ಗೆರೆಯೂ ಇರಲಿಲ್ಲ, ಬಾಣವೂ ಇರಲಿಲ್ಲ. ಬಣ್ಣದ ಚೌಕಗಳಷ್ಟೇ ಇದ್ದವು.

“ನಿನಗೆ ಎಂತ ಕಾಣ್ತದೆ?”

“ನಾನು ಬರೆಯುವವಳು ಸರ್,” ಅಂದಳು ಸಬೀಹಾ. “ನೋಡುವವರು ನೀವು.”

ಅವನು ದೂರಿನ ನಮೂನೆ ಒಂದನ್ನು ತೆಗೆದುಕೊಂಡು ತುಂಬಿದ. ಸುತ್ತು, ಬಾಣದ ಸಂಖ್ಯೆ, ಕಾರಣ. ಕಾರಣದ ಎದುರು ‘ತೀರ್ಪುಗಾರರ ಗಮನ ಸಾಲದು’ ಎಂದು ಬರೆದ. ತನ್ನ ಮೇಲೆ ತಾನೇ ದೂರು ಬರೆಯುವುದು ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಮೈ ಹಗುರವಾಯಿತು. ಇನ್ನು ಬೇಕಾದದ್ದು ಒಂದು ಸಹಿ. ಇಪ್ಪತ್ತು ನಿಮಿಷ ಉಳಿದಿತ್ತು.

ಗೇಟಿನ ಹತ್ತಿರ ವೆಂಕಪ್ಪ ಸ್ಕೂಟರಿಗೆ ಬಿಲ್ಲಿನ ಪೆಟ್ಟಿಗೆ ಕಟ್ಟುತ್ತಿದ್ದ. ತಲೆ ಪೂರ್ತಿ ಬಿಳಿ. ಬೆರಳುಗಳಿಗೆ ರಬ್ಬರ್ ಹಾಲಿನ ಕಪ್ಪು. ಪಕ್ಕದಲ್ಲಿ ಬಿಳಿ ಅಂಗಿಯ ಮೇಲೆ ಸ್ವೆಟರ್ ಹಾಕಿಕೊಂಡು ದೀಕ್ಷಿತಾ, ಆ ಸೆಕೆಯಲ್ಲಿ.

“ವೆಂಕಪ್ಪ.”

“ಹಾಂ, ಸರ್.”

ಹಿಂದೆ ಅಂಗಳದಲ್ಲಿ ಅವನು ಬರೇ ವರ್ಧ ಎನ್ನುತ್ತಿದ್ದ. ಅಜ್ಜಿಯ ಕಿವಿಗೆ ಬೀಳುವಂತಿದ್ದರೆ ವರ್ಧಣ್ಣ. ವರ್ಧಮಾನನ ಎದೆಯ ಮೇಲೆ ಸಂಚಾಲಕ ಎಂಬ ಬಿಲ್ಲೆ ತೂಗುತ್ತಿತ್ತು. ಅವನು ಕನ್ನಡದಲ್ಲಿ ಶುರುಮಾಡಿದ. ವೆಂಕಪ್ಪ ಕನ್ನಡದಲ್ಲೇ ಉತ್ತರಿಸಿದ. ಅವರಿಬ್ಬರೂ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

“ನಿನ್ನ ಮಗಳೆಂದು ಗೊತ್ತಾಗಲಿಲ್ಲ.”

“ಗೊತ್ತಾಗಬಾರದಲ್ಲ. ಹೆಸರು ಮುಚ್ಚಿದ್ದು ಅದಕ್ಕೇ ಅಲ್ವಾ?”

“ಚೆನ್ನಾಗಿ ಬಿಡ್ತಾಳೆ.”

“ಕೋಚ್ ಬೈತಾರೆ. ಟಿಕ್ ಅಂದ ಕೂಡಲೇ ಬಿಡುವುದಿಲ್ಲ, ಅದು ತಪ್ಪಂತೆ.” ವೆಂಕಪ್ಪ ಹಗ್ಗ ಬಿಗಿದ. “ನಾನು ಹೇಳಿಕೊಟ್ಟದ್ದು. ಅಜ್ಜಿಯ ಪದ್ಯ ಒಂದೂ ನೆನಪಿಲ್ಲ ನನಗೆ. ಆ ಉಸಿರು ಮಾತ್ರ ಉಂಟು.”

“ಗೊತ್ತಾಗಿತ್ತು,” ಅಂದ ವರ್ಧಮಾನ. “ಬೆಳಿಗ್ಗೆಯೇ ಗೊತ್ತಾಗಿತ್ತು.”

ವೆಂಕಪ್ಪ ಮೊದಲ ಸಲ ಅವನ ಮುಖ ನೋಡಿದ.

ವರ್ಧಮಾನ ಕಾಗದ ಚಾಚಿದ. “ಇದಕ್ಕೆ ಒಂದು ಸಹಿ ಹಾಕು. ಬೇರೆ ಮೂವರು ಫೋಟೋ ನೋಡ್ತಾರೆ. ನಾನು ಆ ಕಡೆ ತಲೆ ಹಾಕುವುದಿಲ್ಲ.”

“ತಾಗಿತ್ತಾ?”

“ಗೊತ್ತಿಲ್ಲ.”

“ನೋಡಿದ್ದು ನೀವಲ್ವಾ?”

“ನೋಡಿದೆ.”

ವೆಂಕಪ್ಪ ಕಾಗದ ತೆಗೆದುಕೊಂಡು ದೂರ ಹಿಡಿದು, ತುಟಿ ಅಲ್ಲಾಡಿಸುತ್ತ, ಪೂರ್ತಿ ಓದಿದ. ಮತ್ತೆ ಮಡಚಿದ ಗೆರೆಯಲ್ಲೇ ಮಡಚಿದ.

“ಬಂಟ್ವಾಳದಲ್ಲಿ,” ಅಂದ, ಸ್ಕೂಟರಿನ ಸೀಟು ಒರೆಸುತ್ತ, “ಆ ಸಾಹೇಬರಿಗೆ ನಾನು ಹೇಳಿದ್ದು ಅರ್ಥ ಆಗ್ಲಿಲ್ಲ. ಅವರು ಬರೆಯುವಾಗಲೇ ನನಗೆ ಗೊತ್ತಾಯ್ತು.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ನೀವು ಹೇಳ್ತೀರಿ ಅಂತ. ಅರ್ಥ ಹೇಳುವವರು ಯಾವಾಗಲೂ ನೀವಲ್ವಾ? ನಾನು ನಿಂತೇ ಇದ್ದೆ.” ಅವನು ಬಟ್ಟೆ ಕೊಡವಿದ. “ಮತ್ತೆ ಬಸ್ಸು ಬಂತು.”

ವರ್ಧಮಾನನಿಗೆ ಏನೋ ಹೇಳಬೇಕಿತ್ತು. ಮೂವತ್ತಮೂರು ವರ್ಷ ಅದನ್ನು ಒಳಗೊಳಗೇ ತಿದ್ದಿ ತಿದ್ದಿ ಇಟ್ಟಿದ್ದ. ಈಗ ನೋಡಿದರೆ ಅದು ತುಳುವಿನಲ್ಲಿತ್ತು. ಬಾಯಿ ಕನ್ನಡದಲ್ಲಿ ಸಿಕ್ಕಿಕೊಂಡಿತ್ತು.

“ಸಹಿ ಹಾಕು ವೆಂಕಪ್ಪ,” ಎಂದಷ್ಟೇ ಅಂದ. “ಹತ್ತು ನಿಮಿಷ ಉಂಟು.”

“ನಾನು ಸಹಿ ಹಾಕಿ ಅವಳಿಗೆ ಸಿಕ್ಕಿದ್ರೆ, ಅದು ಯಾವ ಬಾಣಕ್ಕೆ ಸಿಕ್ಕಿದ್ದು? ಅವಳದ್ದಕ್ಕಾ, ಬಂಟ್ವಾಳದ ನಿಮ್ಮ ಬಾಣಕ್ಕಾ?”

“ಅದು ಅವರು ನೋಡಿ ಹೇಳ್ತಾರೆ.”

“ಅವರು ಅವಳದ್ದು ಮಾತ್ರ ನೋಡ್ತಾರೆ.”

ದೀಕ್ಷಿತಾ ಅಪ್ಪನ ತೋಳು ಹಿಡಿದಳು. ಅವಳ ಬೆರಳುಗಳ ಮೇಲೆ ಹೆದೆ ಕೊರೆದ ಗುರುತು ಇನ್ನೂ ಕೆಂಪಗಿತ್ತು.

“ಹಾಕಿ ಅಪ್ಪ,” ಅಂದಳು. “ನಿಮ್ಮಿಬ್ಬರದ್ದು ಎಂತ ಉಂಟೋ ನನಗೆ ಬೇಡ. ನನ್ನ ಬಾಣ ಅದು. ಒಂದು ಸಹಿ ಅಲ್ವಾ.”

ಹದಿನೆಂಟು ತುಂಬದವರ ಸಹಿ ನಡೆಯುವುದಿಲ್ಲ. ಅದೂ ವರ್ಧಮಾನನೇ ಬರೆದ ನಿಯಮ.

ಆಗಲೇ ಮೈದಾನ ಖಾಲಿ ಮಾಡುವವರು ಇಬ್ಬರು, ಗುರಿ ಅಂಟಿಸುವ ಹುಲ್ಲಿನ ದೊಡ್ಡ ಹಲಗೆಯೊಂದನ್ನು ಎತ್ತಿಕೊಂಡು ಬಂದರು. ಪಿಕಪ್ ಹಿಂದಕ್ಕೆ ಬರುತ್ತಿದ್ದುದರಿಂದ ಮಾತಾಡುತ್ತಿದ್ದ ಇಬ್ಬರ ನಡುವೆಯೇ ನಿಂತರು. ವರ್ಧಮಾನನಿಗೆ ಆಚೆ ಕಡೆ ಯಾರೂ ಕಾಣದಾದರು. ಹಲಗೆಯಿಂದ ಕಾಗದ ಕಿತ್ತಿದ್ದರು. ಅಂಚುಗಳಲ್ಲಿ ಹುಲ್ಲು ಹೊಸದರ ಹಾಗೆ ಗಟ್ಟಿಯಾಗಿತ್ತು. ಎಲ್ಲರೂ ವರ್ಷವಿಡೀ ಗುರಿಯಿಟ್ಟ ನಡುವಿನಲ್ಲಿ ಮಾತ್ರ ಹುಲ್ಲೇ ಇರಲಿಲ್ಲ. ಸವೆದು ಸವೆದು ಅಂಗೈಯಷ್ಟು ಅಗಲದ ತೂತು. ತೂತಿನಲ್ಲಿ ವೆಂಕಪ್ಪನ ಮುಖದ ಅಷ್ಟೇ ಭಾಗ ಕಂಡಿತು: ಬಾಯಿ.

“ಇಲ್ಲ,” ಅಂದಿತು ಅದು, ಮಗಳಿಗೋ ಇವನಿಗೋ. “ನಾನು ಹಾಕುವುದಿಲ್ಲ.”