ಆ ಕಡೆ ಹೋಗೋರು ಯಾರಾದ್ರೂ ಇದ್ದಾರಾ?

ಗಾಳಿಗೂ ತೂಕವಿದೆ ಎಂದು ಸೊಸೆಗೆ ಗೊತ್ತಾದದ್ದು ಶಾಲೆಯಲ್ಲಲ್ಲ, ಕೊರಿಯರ್ ಅಂಗಡಿಯಲ್ಲಿ.

ಅವಳು ಮಾಡಿ ಮಾರುತ್ತಿದ್ದದ್ದು ಲ್ಯಾಂಪ್‌ಶೇಡು. ತೆಳು ತಂತಿಯ ಚೌಕಟ್ಟು, ಮೇಲೆ ಬಿಗಿಯಾಗಿ ಎಳೆದು ಹೊಲಿದ ಬಟ್ಟೆ, ಅಂಚಿಗೆ ದಾರದ ಕುಚ್ಚು. ಅತ್ತೆ ಅದನ್ನು ದೀಪದ ಟೋಪಿ ಎನ್ನುತ್ತಿದ್ದರು. "ದೀಪಕ್ಕೇನು ಚಳಿಯಾ ಬಿಸಿಲಾ? ಜನಕ್ಕೆ ಟೋಪಿ ಹಾಕೋದು ಅಂದ್ರೆ ಇದೇ ನೋಡು" ಎಂದು ಮೂಗು ಮುರಿದವರೇ, ರಾತ್ರಿ ತಮ್ಮ ಮಂಚದ ಪಕ್ಕದ ದೀಪಕ್ಕೆ ಹಳದಿಯದೊಂದನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗಿ ಇಟ್ಟುಕೊಂಡಿದ್ದರು.

ಆನ್‌ಲೈನಿನಲ್ಲಿ ಅಂಗಡಿ ತೆರೆದ ವಾರವೇ ಮೊದಲ ಆರ್ಡರು ಬಂತು. ಸೊಸೆ ಕುಣಿಯುತ್ತಾ ಡಬ್ಬ ಕಟ್ಟಿಕೊಂಡು ಕೊರಿಯರ್ ಅಂಗಡಿಗೆ ಹೋದಳು. ಅಲ್ಲಿದ್ದವನಿಗೆ ಊರೆಲ್ಲ ಟೇಪಣ್ಣ ಎನ್ನುತ್ತಿತ್ತು. ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು. ಅವನು ಡಬ್ಬವನ್ನು ತಕ್ಕಡಿಗೆ ಇಟ್ಟ, ಇಳಿಸಿದ, ಉದ್ದ ಅಳೆದ, ಅಗಲ ಅಳೆದ, ಎತ್ತರ ಅಳೆದ, ಕ್ಯಾಲ್ಕುಲೇಟರ್ ಕುಟ್ಟಿದ. ಅವನು ಹೇಳಿದ ಮೊತ್ತ ಕೇಳಿ ಸೊಸೆ ಪಕ್ಕದವರ ಪಾರ್ಸೆಲ್ಲಿಗೆ ಹೇಳಿದ್ದಿರಬೇಕು ಅಂದುಕೊಂಡಳು.

"ಅಣ್ಣಾ, ಇದು ಅರ್ಧ ಕೆಜಿನೂ ಇಲ್ಲ!"

"ತಕ್ಕಡಿ ಹೇಳೋದು ಅರ್ಧ ಕೆಜಿ. ಟೇಪು ಹೇಳೋದು ಆರು ಕೆಜಿ. ಎರಡರಲ್ಲಿ ಯಾವ್ದು ಜಾಸ್ತಿನೋ ಅದಕ್ಕೆ ದುಡ್ಡಮ್ಮಾ."

"ಆರು ಕೆಜಿ ಏನಿದೆ ಇದರಲ್ಲಿ? ಒಳಗಿರೋದು ಬರೀ ಗಾಳಿ."

"ಇರಬಹುದು. ನಿಮ್ಮ ಗಾಳಿನ ನಮ್ಮ ಗಾಡೀಲಿ ಕೂರಿಸ್ಕೊಂಡು ಹೋಗ್ಬೇಕಲ್ಲ? ಅದು ಕೂತ ಜಾಗದಲ್ಲಿ ಇನ್ನೊಬ್ಬರ ಡಬ್ಬ ಕೂರಲ್ಲ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಹೊಟ್ಟೆ ಉರಿಸುವ ಸಂಗತಿ. ಲ್ಯಾಂಪ್‌ಶೇಡಿನಲ್ಲಿ ಸಿಕ್ಕಿದ ಲಾಭ ಗಾಳಿಯ ಪ್ರಯಾಣಕ್ಕೆ ಹೋಯಿತು. ಆಮೇಲೆ ಅವಳು ಮಾಡದ ಸರ್ಕಸ್ ಇಲ್ಲ. ಸಾಗಣೆ ಖರ್ಚನ್ನು ಬೆಲೆಯಲ್ಲೇ ಸೇರಿಸಿದಳು. ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ಬೆಲೆ ಇಳಿಸಿ 'ಸಾಗಣೆ ಉಚಿತ' ಎಂದು ಹಾಕಿದಳು. ಜನ ಮುಗಿಬಿದ್ದರು, ಮಾರಿದಷ್ಟೂ ಕೈ ಸುಟ್ಟಿತು. ಬಟ್ಟೆಯನ್ನೂ ತಂತಿಯನ್ನೂ ಬಿಡಿಬಿಡಿಯಾಗಿ ಚಪ್ಪಟೆ ಕವರಿನಲ್ಲಿ ಅಂಚೆಗೆ ಹಾಕಿ, ಜೋಡಿಸಿಕೊಳ್ಳುವ ವಿಧಾನ ಬರೆದಿಟ್ಟಳು. ಕೊಂಡವರು ಜೋಡಿಸಿ ಫೋಟೋ ಕಳಿಸಿದರು. ಅದು ಇಲಿ ಬೋನೋ ಕೊಡೆಯೋ ಅವಳಿಗೇ ತಿಳಿಯಲಿಲ್ಲ.

ಗಂಡ ಒಳ್ಳೆಯವನು, ಆದರೆ ಲೆಕ್ಕದವನು. "ಬೇಜಾರು ಮಾಡ್ಕೋಬೇಡ. ವರ್ಷದ ಕೊನೆವರೆಗೂ ನೋಡೋಣ. ಆಗಲೂ ಗಿಟ್ಟಲಿಲ್ಲ ಅಂದ್ರೆ ಮುಂದಿನ ಕೋಣೆ ಬಾಡಿಗೆಗೆ ಕೊಡೋಣ, ಹಲ್ಲಿನ ಡಾಕ್ಟರು ಕೇಳ್ತಾ ಇದ್ದಾರೆ" ಎಂದ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಸೊಸೆಗೆ ತನ್ನದು ಅಂತ ಆದದ್ದು ಆ ಕೋಣೆ ಒಂದೇ. ರಸ್ತೆ ಕಡೆಯ ಕಿಟಕಿ, ಉದ್ದನೆಯ ಮೇಜು, ಮೊಳೆಗಳಿಗೆ ನೇತುಹಾಕಿದ ಕತ್ತರಿಗಳು. ಅಲ್ಲಿ ಯಾರೋ ಬಾಯಿ ತೆರೆದು ಕೂತು ಹಲ್ಲು ಕೀಳಿಸಿಕೊಳ್ಳುವುದನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಅಂಥ ಹೊತ್ತಿನಲ್ಲಿ ಅಖಾಡಕ್ಕೆ ಇಳಿದವರು ಅತ್ತೆ.

ಅತ್ತೆ ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ಯಾವ ಊರಿಗೆ ಯಾವ ಬಸ್ಸು ಎನ್ನುವುದಷ್ಟೇ ಅಲ್ಲ, ಯಾವ ಬಸ್ಸಿನಲ್ಲಿ ಯಾರು ಯಾಕೆ ಹೋಗುತ್ತಾರೆ ಎನ್ನುವುದೂ ಅವರಿಗೆ ಬಾಯಿಪಾಠ. ಕೊರಿಯರ್ ರಸೀದಿ ನೋಡಿ ಅವರ ಕಣ್ಣು ಕೆಂಪಾಯಿತು.

"ಗಾಳಿಗೆ ದುಡ್ಡು? ನಿನಗೇನು ತಲೆ ಕೆಟ್ಟಿದೆಯೇನೇ? ಆ ಕಡೆ ಹೋಗೋರ ಕೈಲಿ ಕೊಟ್ಟು ಕಳಿಸಿದ್ರೆ ಮುಗೀತಪ್ಪ! ಎಲ್ಲಿಗೆ ಹೋಗ್ಬೇಕು ಇದು?"

ಸೊಸೆ ಊರು ಹೇಳಿದಳು. ಅತ್ತೆ ಅರೆಗಳಿಗೆ ಕಣ್ಣು ಮುಚ್ಚಿದರು. "ನಮ್ಮ ಹಳೇ ಡ್ರೈವರಣ್ಣನ ಮಗಳಿಗೆ ಅಲ್ಲಿ ಹೆರಿಗೆ. ಗುರುವಾರ ಹೊರಡ್ತಾನೆ."

ಗುರುವಾರ ಹೊರಟ, ಶುಕ್ರವಾರ ತಲುಪಿಸಿದ. ಅಲ್ಲಿಂದ ಶುರುವಾಯಿತು. ಲ್ಯಾಂಪ್‌ಶೇಡುಗಳು ಪಿಟೀಲು ಮೇಷ್ಟ್ರ ಜೊತೆ ಹೋದವು, ಕೋರ್ಟಿಗೆ ಅಲೆಯುವವರ ಜೊತೆ ಹೋದವು, ವರ ನೋಡಲು ಹೊರಟವರ ಜೊತೆ ಹೋದವು. ಸೊಸೆ ತನ್ನ ಅಂಗಡಿಯ ಪುಟದಲ್ಲಿ ಕೊರಿಯರ್, ಅಂಚೆ ಎಂಬೆರಡರ ಕೆಳಗೆ ಮೂರನೆಯದೊಂದು ಸೇರಿಸಿದಳು: 'ಆ ಕಡೆ ಹೋಗುವವರ ಕೈಯಲ್ಲಿ. ಉಚಿತ. ಯಾವತ್ತು ಎಂದು ಹೇಳಲಾಗದು.' ಅದನ್ನು ಓದಿ ನಕ್ಕವರೂ ಅದನ್ನೇ ಆರಿಸಿದರು.

ಕೊಂಡವರ ಅಭಿಪ್ರಾಯಗಳು ಬರತೊಡಗಿದವು. 'ಶೇಡು ಚೆನ್ನಾಗಿದೆ. ತಂದವರು ನಮ್ಮ ಸೋರುವ ನಲ್ಲಿಯನ್ನೂ ರಿಪೇರಿ ಮಾಡಿಕೊಟ್ಟರು.' 'ತಂದವರು ಊಟ ಮಾಡಿ, ಸೋಫಾದ ಮೇಲೆ ಒಂದು ನಿದ್ದೆ ತೆಗೆದು, ನಮ್ಮ ಹುಡುಗನಿಗೆ ಒಂದು ಹೆಣ್ಣು ಇದೆ ಎಂದು ಹೇಳಿ ಹೋದರು. ಶೇಡಿಗೆ ನಾಲ್ಕು ನಕ್ಷತ್ರ, ಅವರಿಗೆ ಐದು.' ಗಂಡ ಹಲ್ಲಿನ ಡಾಕ್ಟರ ಮಾತು ಎತ್ತುವುದನ್ನು ನಿಲ್ಲಿಸಿದ. ಅತ್ತೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಸೇತುವೆಯಾಚೆಯ ಊರಿನಿಂದ ಒಂದು ಆರ್ಡರು ಬಂತು. ಮೂರನೆಯ ವಿಧಾನವನ್ನೇ ಕೇಳಿದ್ದರು. ಸೊಸೆ ವಿಳಾಸ ಓದುತ್ತಿದ್ದ ಹಾಗೆ ಅತ್ತೆಯ ಮುಖ ಗಂಟಾಯಿತು.

"ಆ ಊರಿಗೆ ಹೋಗೋರು ಯಾರೂ ಇಲ್ಲ."

"ಅತ್ತೆ, ಗಂಟೆಗೊಂದು ಬಸ್ಸಿದೆ ಅಲ್ಲಿಗೆ."

"ಬಸ್ಸಿದೆ, ಹೋಗೋರಿಲ್ಲ. ಕೊರಿಯರ್ ಮಾಡು." ಅಷ್ಟು ಹೇಳಿ ಎದ್ದು ಹೋದರು.

ಗಾಳಿಗೆ ದುಡ್ಡು ಕೊಡಬೇಡ ಎಂದು ಕುಣಿದಾಡಿದ ಬಾಯಲ್ಲಿ ಕೊರಿಯರ್ ಎಂಬ ಮಾತು! ಸೊಸೆ ಬೆರಗಾದರೂ ಟೇಪಣ್ಣನ ಹತ್ತಿರ ಹೋದಳು. ವಾರದೊಳಗೆ ಡಬ್ಬ ವಾಪಸ್ಸು ಬಂತು: 'ಮನುಷ್ಯರ ಕೈಲಿ ಕಳಿಸಿ ಅಂದಿದ್ದೆ, ಕೊರಿಯರ್‌ನಲ್ಲಿ ಬಂತು. ಬೇಡ.' ಹೋಗುವ ಗಾಳಿಗೂ ಬರುವ ಗಾಳಿಗೂ ಸೊಸೆಯೇ ತೆತ್ತಳು. ಮರುದಿನ ಅದೇ ವಿಳಾಸದಿಂದ ಮತ್ತೆ ಆರ್ಡರು.

ಈ ಸಲ ಅವಳು ಅತ್ತೆಗೆ ಹೇಳದೆ ನಿಲ್ದಾಣಕ್ಕೆ ಹೋಗಿ, ಆ ಬಸ್ಸಿನ ಕಂಡಕ್ಟರಿಗೆ ಡಬ್ಬ ಒಪ್ಪಿಸಿ, ಕೈಮುಗಿದು ಬಂದಳು. ಸಂಜೆ ಕಂಡಕ್ಟರ್ ಡಬ್ಬದ ಸಮೇತ ಮನೆ ಬಾಗಿಲಿಗೆ ಬಂದು ನಿಂತ.

"ತಗೊಳ್ಳಲಿಲ್ಲಮ್ಮಾ. ಒಬ್ಬರು ವಯಸ್ಸಾದ ಹೆಂಗಸು. 'ಬೇರೆಯವರ ಕೈಲಿ ಕಳಿಸಿದ್ದು ನಮ್ಮನೆಗೆ ಮುಟ್ಟಲ್ಲ, ಒಂದು ಸಲ ಆಗಿದೆ. ಮಾರೋ ಮನೆಯವರೇ ತರಲಿ' ಅಂತ ಬಾಗಿಲು ಹಾಕ್ಕೊಂಡ್ರು." ಅವನು ದನಿ ತಗ್ಗಿಸಿದ. "ಅಲ್ಲಮ್ಮಾ, ಅವರು ಥೇಟ್ ನಿಮ್ಮತ್ತೆ ಥರ ಇದ್ದಾರೆ. ಮೂಗೂ ಅದೇ, ಸಿಟ್ಟೂ ಅದೇ."

ಸೊಸೆ ನೇರ ಗಂಡನ ಮುಂದೆ ಹೋಗಿ ನಿಂತಳು. ಅವನು ಬಾಯಿಬಿಟ್ಟ. ಅಲ್ಲಿರುವುದು ಅತ್ತೆಯ ಸ್ವಂತ ಅಕ್ಕ. ಅವರಪ್ಪ ಸತ್ತಾಗ ಗೋಡೆ ಗಡಿಯಾರಕ್ಕೆ ಇಬ್ಬರೂ ಪಟ್ಟು ಹಿಡಿದರಂತೆ. ಕೊನೆಗೆ ಅತ್ತೆಯೇ ಸೋತು, ಆ ಕಡೆ ಹೋಗುವ ಒಬ್ಬರ ಕೈಲಿ ಅದನ್ನು ಅಕ್ಕನಿಗೆ ಕಳಿಸಿದರಂತೆ. ಗಡಿಯಾರ ಮುಟ್ಟಲಿಲ್ಲ. ಅಕ್ಕ 'ನೀನು ಕಳಿಸಲೇ ಇಲ್ಲ' ಎಂದರು, ತಂಗಿ 'ನೀನು ಇಟ್ಕೊಂಡು ನಾಟಕ ಆಡ್ತೀಯಾ' ಎಂದರು. ಅಲ್ಲಿಗೆ ಮಾತು ನಿಂತಿತು. ಅದಾಗಿ ಇಪ್ಪತ್ತೆರಡು ವರ್ಷ.

ಅಷ್ಟರಲ್ಲಿ ಮಾರಾಟದ ಸೈಟಿನವರಿಂದ ಎಚ್ಚರಿಕೆ ಬಂತು: ಇನ್ನೊಂದು ಸಲ ಮಾಲು ವಾಪಸ್ಸಾದರೆ ಅಂಗಡಿ ಬಂದ್. ಅದರ ಬೆನ್ನಿಗೇ ಸೇತುವೆಯಾಚೆಯಿಂದ ಮೂರನೆಯ ಆರ್ಡರು. ಸೊಸೆ ತಲೆಯ ಮೇಲೆ ಕೈಹೊತ್ತು ಕೂತಳು, ಆಮೇಲೆ ಡಬ್ಬ ತಂದು ಅತ್ತೆಯ ಮುಂದೆ ಇಟ್ಟಳು.

"ದೊಡ್ಡತ್ತೆ ಕೇಳ್ತಿರೋದು ಟೋಪಿ ಅಲ್ಲ ಅತ್ತೆ, ನಿಮ್ಮನ್ನ."

ಅತ್ತೆ ಸಿಡಿದರು. "ಕಳಿಸಿದ್ದೆ ಕಣೇ! ಹಳೇ ಸೀರೆ ಸುತ್ತಿ, ದಾರ ಕಟ್ಟಿ, ನನ್ನ ಕೈಯಾರೆ ಕೊಟ್ಟು ಕಳಿಸಿದ್ದೆ. ಬೇರೆ ಯಾರಾದ್ರೂ ಕಳ್ಳಿ ಅಂದಿದ್ರೆ ಉಗಿದು ಸುಮ್ಮನಾಗ್ತಿದ್ದೆ. ಒಡಹುಟ್ಟಿದವಳು ಅಂದ್ಲು. ಅವತ್ತಿಂದ ನಾನು ಯಾರ ಕೈಲಿ ಏನು ಕಳಿಸಿದ್ರೂ ಮುಟ್ಟಿದೆ. ಮುಟ್ಟೋ ತನಕ ನನಗೆ ನಿದ್ದೆ ಬರಲ್ಲ, ಗೊತ್ತಾ? ಅದೊಂದೇ ಮುಟ್ಟಲಿಲ್ಲ."

ಸೊಸೆಗೆ ಅಯ್ಯೋ ಅನ್ನಿಸಿತು. ಆದರೂ ಹೇಳಬೇಕಾದ್ದನ್ನು ಹೇಳಿದಳು. "ಇದು ವಾಪಸ್ಸು ಬಂದ್ರೆ ಅಂಗಡಿ ಹೋಗುತ್ತೆ ಅತ್ತೆ. ಅಂಗಡಿ ಹೋದ್ರೆ ಕೋಣೆ ಹೋಗುತ್ತೆ."

ಮರುದಿನ ಬೆಳಿಗ್ಗೆ ಸೊಸೆ ಏಳುವಷ್ಟರಲ್ಲಿ ಅತ್ತೆ ತಲೆ ಬಾಚಿ, ಹೊರಗೆ ಹೋಗುವ ಬಟ್ಟೆ ಉಟ್ಟು, ಮುಂದಿನ ಕೋಣೆಯಲ್ಲಿ ಚೀಲ ಹಿಡಿದು ಕೂತಿದ್ದರು.

"ಆ ಕಡೆ ಹೋಗೋರು ಒಬ್ಬರು ಸಿಕ್ಕಿದ್ದಾರೆ."

"ಯಾರತ್ತೆ?"

"ನಾನೇ. ನೀನೂ ಬಾ, ಅವಳು ಬಾಯಿ ಜೋರು ಮಾಡಿದ್ರೆ ನನ್ನ ಕಡೆಗೆ ಒಬ್ಬರು ಬೇಕು."

ಬಸ್ಸಿನಲ್ಲಿ ಡಬ್ಬ ತೊಡೆಯ ಮೇಲೆ ಕೂರಲಿಲ್ಲ, ಮೇಲೆ ಸಾಮಾನು ಇಡುವ ಕಂಬಿಯಲ್ಲಿ ಹಿಡಿಸಲಿಲ್ಲ. ಪಕ್ಕದ ಸೀಟಿನಲ್ಲಿ ಕೂರಿಸಿದರು. ಅದೇ ಕಂಡಕ್ಟರ್ ಬಂದು ತಲೆ ಕೆರೆದುಕೊಂಡ. "ಅಮ್ಮಾ, ಇದಕ್ಕೂ ಒಂದು ಟಿಕೆಟ್ ತಗೋಬೇಕು."

"ಒಳಗಿರೋದು ಗಾಳಿ ಕಣಯ್ಯಾ!"

"ಗಾಳಿ ಆದ್ರೂ ಸೀಟಲ್ಲಿ ಕೂತಿದೆಯಲ್ಲಮ್ಮ. ಈ ರೂಲು ನನಗೆ ಹೇಳ್ಕೊಟ್ಟೋರೇ ನೀವು."

ಅತ್ತೆ ಗೊಣಗುತ್ತಾ ಗಾಳಿಗೆ ಪೂರ್ತಿ ಟಿಕೆಟ್ ತೆಗೆದುಕೊಂಡರು. ಆಮೇಲೆ ಸೇತುವೆ ದಾಟುವ ತನಕ ಡಬ್ಬದ ಮೇಲೆ ಇಟ್ಟ ಕೈ ತೆಗೆಯಲಿಲ್ಲ.

ಬಾಗಿಲು ತೆರೆದ ಮುದುಕಿಯ ಮೂಗು ಅದೇ. ಅಕ್ಕತಂಗಿಯರು ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು. ಇಬ್ಬರಿಗೂ ವಯಸ್ಸಾಗಿಹೋಗಿತ್ತು, ಅದು ಇಬ್ಬರಿಗೂ ಆಗಲೇ ಗೊತ್ತಾದ ಹಾಗಿತ್ತು. ಅತ್ತೆ ತಮ್ಮ ವಿಚಾರಣೆ ಕಿಟಕಿಯ ದನಿಯಲ್ಲಿ ಹೇಳಿದರು:

"ಪಾರ್ಸೆಲ್."

"ಸಹಿ ಹಾಕ್ಬೇಕಾ?"

"ಹಾಕ್ಲೇಬೇಕು. ಆಮೇಲೆ ಮುಟ್ಟಲಿಲ್ಲ ಅನ್ನೋರು ಇರ್ತಾರೆ."

ದೊಡ್ಡತ್ತೆ ಡಬ್ಬ ಈಸಿಕೊಂಡರು. ಅರ್ಧ ಕೆಜಿಯದನ್ನು ಆರು ಕೆಜಿಯದೇನೋ ಎಂಬಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಾನು ಕಳಿಸಿದ್ದೆ ಕಣಕ್ಕಾ" ಎಂದರು ಅತ್ತೆ. ದನಿ ಕಿಟಕಿಯದಾಗಿ ಉಳಿದಿರಲಿಲ್ಲ.

"ಗೊತ್ತು ಕಣೇ."

"ಗೊತ್ತಾ? ಯಾವಾಗಿಂದ?"

"ನೀನು ಯಾರ ಕೈಲಿ ಕೊಟ್ಟಿದ್ಯೋ ಆ ಮನುಷ್ಯ ಸತ್ತಾಗ ಮಾತಾಡಿಸೋಕೆ ಅಂತ ಅವರ ಮನೆಗೆ ಹೋಗಿದ್ದೆ. ಅಪ್ಪನ ಗಡಿಯಾರ ಅವರ ಗೋಡೆ ಮೇಲೆ ಟಿಕ್ ಟಿಕ್ ಅಂತಿತ್ತು. ಅದಾಗಿ ಎಷ್ಟೋ ವರ್ಷ ಆಯ್ತು." ದೊಡ್ಡತ್ತೆ ಡಬ್ಬವನ್ನು ಎದೆಗೆ ಒತ್ತಿಕೊಂಡರು. "ನಿನಗೆ ಹೇಳಿ ಕಳಿಸೋಣ ಅಂದ್ರೆ, ನಿನ್ನ ಕಡೆ ಹೋಗೋರು ಯಾರೂ ಸಿಗಲಿಲ್ಲ."

"ಗಂಟೆಗೊಂದು ಬಸ್ಸಿತ್ತಲ್ಲೇ ಪಾಪಿ!"

"ಬಸ್ಸಿತ್ತು. ಹೋಗೋರಿರಲಿಲ್ಲ."

ಅಷ್ಟೇ. ಇಬ್ಬರೂ ಬಾಗಿಲಲ್ಲೇ ನಿಂತು ಗೊಳೋ ಎಂದು ಅತ್ತರು. ನಡುವೆ ಸಿಕ್ಕ ಡಬ್ಬ ಅಪ್ಪಚ್ಚಿಯಾಯಿತು. ಸೊಸೆಯೂ ಅಳುತ್ತಿದ್ದಳು, ಅರ್ಧ ಅವರಿಗಾಗಿ, ಅರ್ಧ ಲ್ಯಾಂಪ್‌ಶೇಡಿಗಾಗಿ.

ಒಳಗೆ ಕೂತ ಮೇಲೆ ಎಲ್ಲ ಹೊರಬಿತ್ತು. ದೊಡ್ಡತ್ತೆಯ ನಾದಿನಿಯ ಮನೆಗೆ ಒಂದು ಶೇಡು ಹೋಗಿತ್ತಂತೆ, ಜೊತೆಗೆ ಪಿಟೀಲು ಮೇಷ್ಟ್ರು. "ಆ ಕಡೆ ಹೋಗೋರ ಕೈಲಿ ಅಂತ ಕೇಳಿದ ತಕ್ಷಣ ಅಂದ್ಕೊಂಡೆ, ಇದು ನನ್ನ ತಂಗಿ ತಲೆಯೇ ಅಂತ" ಎಂದರು. ಸೊಟ್ಟಗಾದ ಶೇಡನ್ನು ದೀಪಕ್ಕೆ ಹಾಕಿ, ಕತ್ತು ಓರೆ ಮಾಡಿ ನೋಡಿದರು. "ಬಣ್ಣ ಹಿಡಿಸಲಿಲ್ಲ. ಮುಂದಿನ ವಾರ ನಾನೇ ತಂದು ವಾಪಸ್ಸು ಕೊಡ್ತೀನಿ."

"ಅಯ್ಯೋ ದೊಡ್ಡತ್ತೆ, ವಾಪಸ್ಸು ಮಾತ್ರ ಬೇಡ!" ಸೊಸೆ ಹೌಹಾರಿದಳು. "ಸುಮ್ಮನೆ ಬನ್ನಿ!"

"ಸುಮ್ಮನೆ ಹೇಗೆ ಬರೋದಮ್ಮಾ? ಒಂದು ಕಾರಣ ಬೇಡ್ವಾ?"

"ಇನ್ನೊಂದು ಕೊಂಡ್ಕೋ" ಎಂದರು ಅತ್ತೆ. "ತಗೊಂಡು ಹೋಗೋಕೆ ನೀನೇ ಬಾ. ಮನೆಯವಳು ಅಂತ ಬೆಲೆ ಕಮ್ಮಿ ಮಾಡಲ್ಲ, ಮೊದಲೇ ಹೇಳಿದ್ದೀನಿ."

ವಾಪಸ್ಸು ಬರುವ ಬಸ್ಸಿನಲ್ಲಿ ಅತ್ತೆ ಸೊಸೆಯ ಹೆಗಲಿಗೆ ಒರಗಿ ನಿದ್ದೆಹೋದರು. ಸೊಸೆ ಫೋನು ತೆಗೆದು ಅಂಗಡಿಯ ಪುಟಕ್ಕೆ ನಾಲ್ಕನೆಯ ವಿಧಾನವೊಂದನ್ನು ಸೇರಿಸಿದಳು: 'ನೀವೇ ಬಂದು ತೆಗೆದುಕೊಂಡು ಹೋಗಬಹುದು.' ಕೂಡಲೇ ಒಂದು ಆರ್ಡರು ಬಂತು. ಅದರ ಹಿಂದೆಯೇ ಸೇತುವೆಯಾಚೆಯಿಂದ ಒಂದು ಅಭಿಪ್ರಾಯ:

'ಶೇಡು ಸೊಟ್ಟ, ಎರಡು ನಕ್ಷತ್ರ. ತಂದವಳು ಇಪ್ಪತ್ತೆರಡು ವರ್ಷ ತಡ. ಆದರೂ ಅವಳಿಗೆ ಐದು.'

ಸೊಸೆ ಅದನ್ನು ಓದಿ ಹೇಳಬೇಕೆಂದು ಅತ್ತೆಯ ಕಡೆ ತಿರುಗಿದಳು. ಅವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಪಾರ್ಸೆಲ್ಲು ಮುಟ್ಟಿತ್ತಲ್ಲ, ಇನ್ನು ನಿದ್ದೆಗೇನು ಅಡ್ಡಿ ಎಂದುಕೊಂಡು ಅವಳು ಎಬ್ಬಿಸಲಿಲ್ಲ.